ಒಂದು ಪ್ಯಾಕೆಟ್ ಮಾರಿದರೆ ಕೈಗೆಷ್ಟು?

ಕೇಳುಗರಿಗೆಲ್ಲ ನಮಸ್ಕಾರ.

ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು, ಎಲ್ಲಿ ಹೋದರೂ ಈಗ ಮನೆಯಲ್ಲೇ ಏನಾದರೂ ತಯಾರಿಸಿ ಮಾರುವವರು ಸಿಗುತ್ತಾರೆ. ಕಾಫಿಪುಡಿ, ಕಾಳುಮೆಣಸು, ಜೇನುತುಪ್ಪ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ನಾನೂ ಕಾಫಿಪುಡಿ ಮಾರುವವಳೇ. ನಮ್ಮಂಥವರು ಒಟ್ಟಿಗೆ ಕೂತಾಗ ಬರುವ ಮಾತು ಇದು: ‘ಅಮೆಜಾನ್‌ಗೆ ಹಾಕೋದಾ, ಫ್ಲಿಪ್‌ಕಾರ್ಟಾ, ಮೀಶೋನಾ?’ ಯಾವ ಆನ್‌ಲೈನ್ ಅಂಗಡಿ ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಒಂದು ಹಾಳೆ ತಗೊಂಡು, ಒಂದು ಪ್ಯಾಕೆಟ್ ಮಾರಿದರೆ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ ಎಂದು ಬರೆಯಿರಿ.

ಒಂದು ಊಹೆಯ ಲೆಕ್ಕ ಹೇಳುತ್ತೇನೆ. ಕಾಲು ಕೆಜಿ ಕಾಫಿಪುಡಿಗೆ 250 ರೂಪಾಯಿ ಇಟ್ಟಿದ್ದೀರಿ. ಬೀಜ, ಹುರಿಯುವುದು, ಕವರ್, ಡಬ್ಬ ಎಲ್ಲ ಸೇರಿ ನಿಮಗೆ ಬಿದ್ದ ಖರ್ಚು 170. ಆ ಅಂಗಡಿಯವರ ಕಮಿಷನ್ ನೂರಕ್ಕೆ 10 ಅಂದರೆ 25 ರೂಪಾಯಿ. ಪ್ರತಿ ಆರ್ಡರ್‌ಗೆ ಹಾಕುವ ಶುಲ್ಕ 15. ಸಾಗಣೆ 60. ಒಟ್ಟು 100 ಆಯಿತು. ಈ ಶುಲ್ಕಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಅಲ್ಲಿಗೆ 118 ಹೋಯಿತು, ಉಳಿದದ್ದು 132. ಅಂದರೆ ಪ್ಯಾಕೆಟ್ ಒಂದಕ್ಕೆ 38 ರೂಪಾಯಿ ನಷ್ಟ. ಆರ್ಡರ್ ಜಾಸ್ತಿ ಬಂದಷ್ಟೂ ನಷ್ಟವೂ ಜಾಸ್ತಿ.

ಅದೇ ಪುಡಿಯನ್ನು ನಾಲ್ಕು ಪ್ಯಾಕೆಟ್ ಕಟ್ಟಿ, 1,000 ರೂಪಾಯಿಗೆ ಒಂದೇ ಪಾರ್ಸೆಲ್ ಮಾಡಿ. ಕಮಿಷನ್ 100, ಆರ್ಡರ್ ಶುಲ್ಕ 15, ಸಾಗಣೆ 85 ಅಂದುಕೊಳ್ಳಿ. ಜಿಎಸ್‌ಟಿ ಸೇರಿ 236. ನಿಮ್ಮ ಖರ್ಚು 680 ಕಳೆದರೆ 84 ರೂಪಾಯಿ ಉಳಿಯಿತು. ಪುಡಿ ಅದೇ, ಅಂಗಡಿ ಅದೇ, ಕಟ್ಟಿದ ರೀತಿ ಮಾತ್ರ ಬೇರೆ. ನಿಜವಾದ ದರಗಳು ಅಂಗಡಿಯಿಂದ ಅಂಗಡಿಗೆ, ವಸ್ತುವಿನಿಂದ ವಸ್ತುವಿಗೆ ಬೇರೆಯಾಗುತ್ತವೆ, ಆಗಾಗ ಬದಲಾಗುತ್ತವೆ. ಅವರ ಪುಟದಲ್ಲಿ ಇವತ್ತಿನ ದರ ನೋಡಿ ಇದೇ ಲೆಕ್ಕ ಹಾಕಿ. ಕಮಿಷನ್ ಇಲ್ಲ ಎಂದು ಹೇಳುವ ಕಡೆಯೂ ಸಾಗಣೆ, ವಾಪಸಾತಿ, ಜಾಹೀರಾತು ಇದ್ದೇ ಇರುತ್ತವೆ. ಪೂರ್ತಿ ಲೆಕ್ಕ ಕೇಳಿ.

ಹಪ್ಪಳ ಮಾಡುವ ಅಕ್ಕತಂಗಿಯರಿಗೆ ಒಂದು ಮಾತು. ಹಗುರ ಅಲ್ವಾ, ಸಾಗಣೆ ಕಡಿಮೆ ಅಂದುಕೊಳ್ಳಬೇಡಿ. ಕೊರಿಯರ್‌ನವರು ತೂಕದ ಜೊತೆ ಡಬ್ಬದ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 30, 25, 20 ಅಳತೆಯ ಡಬ್ಬ 3 ಕೆಜಿ ಲೆಕ್ಕಕ್ಕೆ ಬರುತ್ತದೆ. ಒಳಗಿರುವ ಹಪ್ಪಳ 1 ಕೆಜಿಯೇ ಇರಬಹುದು, ದುಡ್ಡು 3 ಕೆಜಿಗೆ. ಹಾಗಾಗಿ ಹಪ್ಪಳಕ್ಕೆ ಸರಿಹೊಂದುವ ಚಿಕ್ಕ ಡಬ್ಬ ಹುಡುಕುವುದು ಅಂಗಡಿ ಹುಡುಕುವಷ್ಟೇ ಮುಖ್ಯ.

ಇನ್ನು ಕಾಗದಪತ್ರ. ಇಲ್ಲಿ ತುಂಬಾ ಜನ ಸುಮ್ನೆ ಹೆದರಿ ಹಿಂದೆ ಸರಿಯುತ್ತಾರೆ. ಮೊದಲೆಲ್ಲ ಇಂಥ ಅಂಗಡಿಗಳಲ್ಲಿ ವಸ್ತು ಮಾರಲು ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ನಿಯಮ ಸಡಿಲವಾಗಿದೆ. ವರ್ಷದ ವಹಿವಾಟು 40 ಲಕ್ಷದೊಳಗೆ ಇದ್ದು, ಕರ್ನಾಟಕದೊಳಗೇ ಮಾರುವುದಾದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಚೆನ್ನೈಗೋ ಮುಂಬೈಗೋ ಕಾಫಿಪುಡಿ ಕಳಿಸಬೇಕಾದರೆ ಮಾತ್ರ ಪೂರ್ತಿ ನೋಂದಣಿ ಬೇಕು. ವಾಟ್ಸಾಪ್‌ನಲ್ಲಿ ಬಂದ ಆರ್ಡರ್ ಆದರೂ ಅಷ್ಟೇ. ನನ್ನ ಕೇಳಿದರೆ, ಶುರುವಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಸಾಕು. ಹಾಸನ, ಚಿಕ್ಕಮಗಳೂರಿನಿಂದ ಹೋಗಿ ಆ ಊರುಗಳಲ್ಲಿ ನೆಲೆಸಿದವರೇ ಎಷ್ಟೊಂದು ಜನ ಇದ್ದಾರೆ! ಅವರಿಗೆ ನಮ್ಮ ಪುಡಿಯ ರುಚಿ ಹೇಳಿಕೊಡಬೇಕಾಗಿಲ್ಲ. ಆದರೆ ನೀವು ಸೇರುವ ಅಂಗಡಿ, ನೋಂದಣಿ ಇಲ್ಲದವರನ್ನು ರಾಜ್ಯದೊಳಗಿನ ಮಾರಾಟಕ್ಕೆ ಸೇರಿಸಿಕೊಳ್ಳುತ್ತದಾ ಎಂದು ಮೊದಲೇ ಕೇಳಿ.

ತಿನ್ನುವ ಕುಡಿಯುವ ವಸ್ತು ಯಾವುದೇ ಇರಲಿ, ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಂಬರ್ ಬೇಕೇ ಬೇಕು. 14 ಅಂಕಿಯ ಆ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಚಿಕೋರಿ ಬೆರೆಸಿದ್ದರೆ ಎಷ್ಟು ಬೆರೆಸಿದ್ದೀರಿ ಅಂತ ಅಚ್ಚು ಹಾಕಿಸಬೇಕು. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಈ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ಚೆಂದದ ಹೆಸರು ಅಂತ ಯಾರು ಬೇಕಾದರೂ ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಬೀಜ ಅಲ್ಲಿನದೇ ಆಗಿರಬೇಕು, ಬಳಸಲು ನೋಂದಣಿಯೂ ಆಗಿರಬೇಕು.

ಓಎನ್‌ಡಿಸಿ ಬಗ್ಗೆಯೂ ಜನ ಕೇಳುತ್ತಾರೆ. ಅದು ಒಂದು ಅಂಗಡಿಯಲ್ಲ, ಒಂದು ಜಾಲ. ನೀವು ಒಂದು ಮಾರಾಟಗಾರರ ಆ್ಯಪ್ ಮೂಲಕ ಸೇರಿದರೆ, ಗಿರಾಕಿ ಬೇರೆ ಆ್ಯಪ್‌ನಲ್ಲಿದ್ದರೂ ನಿಮ್ಮ ವಸ್ತು ಅವನಿಗೆ ಕಾಣುತ್ತದೆ. ಶುಲ್ಕ ನೀವು ಆರಿಸಿದ ಆ್ಯಪ್ ಮೇಲೆ ನಿಂತಿದೆ. ಅದಕ್ಕೂ ಅದೇ ಹಾಳೆ, ಅದೇ ಲೆಕ್ಕ.

ನಮ್ಮ ಮಲೆನಾಡಿಗೆ ಮಾತ್ರ ಇರುವ ಕಷ್ಟ ಬೇರೆ. ಜುಲೈ ತಿಂಗಳಲ್ಲಿ ಮರ ಬಿದ್ದರೆ ಕರೆಂಟ್ ಇಲ್ಲ, ಟವರ್ ಇಲ್ಲ. ಆರ್ಡರ್ ಬಂದದ್ದೇ ಗೊತ್ತಾಗುವುದಿಲ್ಲ. ತಡವಾಗಿ ಕಳಿಸಿದರೆ ಅಂಗಡಿಯವರು ನಿಮಗೆ ಕೊಟ್ಟ ಅಂಕ, ಅಂದರೆ ರೇಟಿಂಗ್ ಇಳಿಸುತ್ತಾರೆ. ಆಮೇಲೆ ನಿಮ್ಮ ಪುಡಿ ಯಾರಿಗೂ ಕಾಣದ ಪುಟಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಸೇರುವ ಮೊದಲು ಕೇಳಿಕೊಳ್ಳಿ: ನಮ್ಮ ಪಿನ್‌ಕೋಡ್‌ಗೆ ಬಂದು ಪಾರ್ಸೆಲ್ ಎತ್ತುತ್ತೀರಾ, ಇಲ್ಲ ನಾವೇ ಪೇಟೆಗೆ ತರಬೇಕಾ? ಮಳೆಗಾಲದಲ್ಲಿ ಕೆಲವು ದಿನ ನಮ್ಮ ಮಾರಾಟಕ್ಕೆ ರಜೆ ಹಾಕಬಹುದಾ? ಬಾಗಿಲಿಗೆ ಬಂದ ಮೇಲೆ ಗಿರಾಕಿ ‘ಬೇಡ’ ಅಂದರೆ ಹೋಗಿಬರುವ ಖರ್ಚು ಯಾರದು? ಮುಂಗಡ ಹಣ ಕೊಟ್ಟವರಿಗೆ ಮಾತ್ರ ಮಾರಬಹುದಾ? ಈ ನಾಲ್ಕಕ್ಕೆ ನೆಟ್ಟಗೆ ಉತ್ತರ ಕೊಡುವ ಕಡೆ, ಕಮಿಷನ್ ಎರಡು ಪರ್ಸೆಂಟ್ ಜಾಸ್ತಿ ಇದ್ದರೂ ನಾನು ಅಲ್ಲಿಗೇ ಹೋಗುತ್ತೇನೆ.

ಹಾಗಂತ ಪೂರ್ತಿ ಅವರನ್ನೇ ನಂಬಿ ಕೂರಬೇಡಿ. ಗಿರಾಕಿಯ ಫೋನ್ ನಂಬರ್ ಅವರು ನಿಮಗೆ ಕೊಡುವುದಿಲ್ಲ. ಯಾವುದೋ ಕಾರಣಕ್ಕೆ ನಿಮ್ಮ ಖಾತೆ ನಿಂತರೆ, ಇಷ್ಟು ದಿನ ಸಂಪಾದಿಸಿದ ಗಿರಾಕಿಗಳೆಲ್ಲ ಒಂದೇ ದಿನಕ್ಕೆ ಕೈತಪ್ಪುತ್ತಾರೆ. ಆದರೆ ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು ಅಂತ ಕಾನೂನೇ ಹೇಳುತ್ತದೆ. ಅದನ್ನು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಅಚ್ಚು ಹಾಕಿಸಬೇಡಿ. ಕನ್ನಡಕ ಇಲ್ಲದೆಯೂ ಓದುವಷ್ಟು ದೊಡ್ಡದಾಗಿರಲಿ. ಆ ನಂಬರಿಗೆ ಫೋನ್ ಬಂದಾಗ ಮನೆಯಲ್ಲಿ ಯಾರಾದರೂ ಎತ್ತಲಿ.

ನಮಸ್ಕಾರ.