ಕೂಳೆ ಬೆಳೆಯ ವರ್ಷ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ. ಈಗ ಇರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್‌ನಲ್ಲಿ. ಸಕ್ಕರೆ ನಾಡಿನಿಂದ ಹೊರಟವನು ಸಕ್ಕರೆ ಊರಿಗೇ ಬಂದು ಬಿದ್ದ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಇಲ್ಲೂ ಒಂದು ಕಾಲದಲ್ಲಿ ಕಬ್ಬಿನ ಗದ್ದೆಗಳಿದ್ದವು. ಸಕ್ಕರೆ ಕಾರ್ಖಾನೆ 2003ರವರೆಗೂ ನಡೆಯಿತು. ಈಗ ಹೆಸರೊಂದೇ ಸಿಹಿ.

ಕಬ್ಬಿನ ಮಾತು ಯಾಕೆ ತೆಗೆದೆ ಅಂದರೆ, ನಾನು ಇವತ್ತು ಹೇಳಹೊರಟಿರುವುದು ಒಬ್ಬ ಹುಡುಗನ ಎರಡನೇ ವರ್ಷದ ಬಗ್ಗೆ. ಕಬ್ಬಿನಲ್ಲೂ ಎರಡನೇ ವರ್ಷ ಅಂತ ಒಂದಿದೆ. ಮೊದಲ ಬೆಳೆ ಕಟಾವಾದ ಮೇಲೆ ಬುಡ ನೆಲದಲ್ಲೇ ಇರುತ್ತದೆ, ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಅದು ಕೂಳೆ. ಬಿತ್ತನೆಯ ಖರ್ಚಿಲ್ಲ, ನಾಟಿ ಕೂಲಿ ಇಲ್ಲ. ಅದಕ್ಕೇ ಬಹಳ ಜನ ಕೂಳೆಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ತಾನಾಗಿ ಬರುತ್ತೆ ಬಿಡು ಅಂತ. ನಮ್ಮಪ್ಪ ಮಾತ್ರ ಕೂಳೆಗೇ ಜಾಸ್ತಿ ಗೊಬ್ಬರ ಕೊಡುತ್ತಿದ್ದರು. ಹುಳವೂ ಹೋದ ವರ್ಷದಿಂದ ಇಲ್ಲೇ ಇದೆ, ಅದಕ್ಕೂ ಈ ಗದ್ದೆ ಗೊತ್ತು, ಅನ್ನುತ್ತಿದ್ದರು.

ಈಗ ಹುಡುಗನ ವಿಷಯಕ್ಕೆ ಬರೋಣ. ಹೆಸರು ಸಿ. ಜೆ. ಸ್ಟ್ರೌಡ್. ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಕ್ವಾರ್ಟರ್‌ಬ್ಯಾಕ್. ಅಂಗಿ ನಂಬರ್ 7.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ಒಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು, ಎಲ್ಲ ಅವನೇ ಮೂರು ಸೆಕೆಂಡಿನೊಳಗೆ ನೋಡಿ ಮುಗಿಸಬೇಕು. ಎದುರಾಳಿ ಆಟಗಾರರು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಐದು ಜನ ಭಾರಿ ಆಳುಗಳು ಗೋಡೆಯ ಹಾಗೆ ನಿಲ್ಲುತ್ತಾರೆ. ಈ ಐದು ಜನರ ಹೆಸರು ಕೇಳಿದರೆ ಅರ್ಧ ಕ್ರೀಡಾಂಗಣಕ್ಕೆ ಗೊತ್ತಿರುವುದಿಲ್ಲ. ಗೋಡೆ ಒಡೆದು ಕ್ವಾರ್ಟರ್‌ಬ್ಯಾಕ್ ಚೆಂಡಿನ ಸಮೇತ ನೆಲಕ್ಕೆ ಬಿದ್ದರೆ ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ.

2022ರಲ್ಲಿ ಟೆಕ್ಸನ್ಸ್ ಆಡಿದ 17 ಪಂದ್ಯದಲ್ಲಿ ಗೆದ್ದದ್ದು 3. ಒಂದು ಸಮ. ಉಳಿದ 13 ಸೋಲು. ಇಲ್ಲಿನ ಲೀಗ್‌ನಲ್ಲಿ ಕೆಟ್ಟದಾಗಿ ಆಡಿದ ತಂಡಕ್ಕೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿ ಬೇಗ ಬರುತ್ತದೆ. 2023ರಲ್ಲಿ ಎರಡನೇ ಸರದಿಯಲ್ಲಿ ಸ್ಟ್ರೌಡ್‌ನನ್ನು ಆರಿಸಿದರು. ಓಹಾಯೋ ಸ್ಟೇಟ್ ಕಾಲೇಜಿನ ಹುಡುಗ. ಆರಿಸುವ ಮುಂಚೆ, ಯಾವುದೋ ಬುದ್ಧಿ ಪರೀಕ್ಷೆಯಲ್ಲಿ ಅವನಿಗೆ ತೀರಾ ಕಡಿಮೆ ಅಂಕ ಬಂದಿದೆ ಅಂತ ಸುದ್ದಿ ಹಬ್ಬಿಸಿದ್ದರು. ಅಂಕಪಟ್ಟಿ ನೋಡಿ ಮನುಷ್ಯನನ್ನು ಅಳೆಯುವ ಚಟ ನಮ್ಮೂರಿನದ್ದು ಮಾತ್ರ ಅಂದುಕೊಂಡಿದ್ದೆ. ಇಲ್ಲೂ ಇದೆ.

ಆ ಹುಡುಗ ಮೊದಲ ವರ್ಷ ಏನು ಮಾಡಿದ ಗೊತ್ತಾ? 15 ಪಂದ್ಯದಲ್ಲಿ 4,108 ಯಾರ್ಡ್ ಎಸೆದ. 23 ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಎಸೆತ. ಎದುರಾಳಿ ಕೈಗೆ ಚೆಂಡು ಕೊಟ್ಟದ್ದು ಬರೀ 5 ಸಲ. ನವೆಂಬರ್ 5ರಂದು ಟ್ಯಾಂಪಾ ಬೇ ಎದುರು ಒಂದೇ ಪಂದ್ಯದಲ್ಲಿ 470 ಯಾರ್ಡ್, 5 ಟಚ್‌ಡೌನ್. ಹೊಸ ಹುಡುಗನೊಬ್ಬ ಒಂದು ಪಂದ್ಯದಲ್ಲಿ ಅಷ್ಟು ಯಾರ್ಡ್ ಎಸೆದದ್ದು ಅದೇ ಮೊದಲು. ಅವತ್ತು ನಮ್ಮ ಕಿಕ್ಕರ್‌ಗೆ ಪೆಟ್ಟಾಗಿ, ಓಡುವ ಆಟಗಾರನೊಬ್ಬ ಬಂದು ಗೋಲ್ ಒದ್ದ. ಕೊನೆಗೆ ಆರು ಸೆಕೆಂಡು ಉಳಿದಿರುವಾಗ ಸ್ಟ್ರೌಡ್ ಚೆಂಡು ಹಿಡಿಯುವ ಆಟಗಾರ ಟ್ಯಾಂಕ್ ಡೆಲ್‌ಗೆ ಎಸೆದು 39–37ರಲ್ಲಿ ಗೆಲ್ಲಿಸಿದ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ದೀಪಾವಳಿಗೆ ಇನ್ನೂ ಒಂದು ವಾರ ಇತ್ತು.

ತಂಡ 10 ಗೆದ್ದು 7 ಸೋತಿತು. ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 45–14ರ ಗೆಲುವು. ಪ್ಲೇಆಫ್ ಪಂದ್ಯ ಗೆದ್ದ ಅತಿ ಚಿಕ್ಕ ವಯಸ್ಸಿನ ಕ್ವಾರ್ಟರ್‌ಬ್ಯಾಕ್ ಇವನೇ ಆದ. ಮುಂದಿನ ಸುತ್ತಿನಲ್ಲಿ ಬಾಲ್ಟಿಮೋರ್ ಎದುರು 34–10ರಲ್ಲಿ ಸೋತರು. ಆ ಸೋಲನ್ನು ಯಾರೂ ಸೋಲು ಅಂತ ಎಣಿಸಲೇ ಇಲ್ಲ.

2024ರ ಬೇಸಿಗೆ ಬಂತು. ಬಫಲೋ ತಂಡದಿಂದ ಚೆಂಡು ಹಿಡಿಯುವ ಸ್ಟೆಫಾನ್ ಡಿಗ್ಸ್‌ನನ್ನು ತಂದರು. ಸಿನ್ಸಿನಾಟಿಯಿಂದ ಚೆಂಡು ಹೊತ್ತು ಓಡುವ ಜೋ ಮಿಕ್ಸನ್ ಬಂದ. ಲೀಗ್‌ನಲ್ಲೇ ಅತ್ಯುತ್ತಮ ಆಟಗಾರ ಯಾರಾಗಬಹುದು ಅಂತ ಪಂಡಿತರು ಪಟ್ಟಿ ಮಾಡುವಾಗ ಸ್ಟ್ರೌಡ್ ಹೆಸರು ಮೇಲೆಯೇ ಇರುತ್ತಿತ್ತು. ಜುಲೈ 8ರಂದು ಬೆರಿಲ್ ಚಂಡಮಾರುತ ಹ್ಯೂಸ್ಟನ್ ಮೇಲೆ ಹಾದುಹೋಯಿತು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಇಲ್ಲ. ಮನೆಯೊಳಗೆ ಕೂತರೆ ಬೆಂದುಹೋಗುವ ಸೆಕೆ. ಬೀದಿಯವರೆಲ್ಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಫ್ರಿಜ್‌ನಲ್ಲಿ ಹಾಳಾಗುತ್ತಿದ್ದ ಮಾಂಸವನ್ನು ಯಾರೋ ಸುಡುತ್ತಿದ್ದರು. ಮಾತೆಲ್ಲ ಟೆಕ್ಸನ್ಸ್ ಬಗ್ಗೆಯೇ. ಮೊದಲ ವರ್ಷ 23 ಟಚ್‌ಡೌನ್, ಡಿಗ್ಸ್ ಬಂದದ್ದಕ್ಕೆ ಒಂದು ಆರು ಸೇರಿಸಿ, ಮಿಕ್ಸನ್ ಇರುವುದರಿಂದ ಇನ್ನೊಂದಷ್ಟು. 35 ಖಂಡಿತ ಅಂದರು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅಂತಲೂ ಅಂದರು. ಬೆಂಗಳೂರು ತಂಡಕ್ಕೆ ಹದಿನಾರು ವರ್ಷ 'ಈ ಸಲ ಕಪ್ ನಮ್ದೇ' ಅಂದ ಬಾಯಿ ನನ್ನದು. ಆ ಕೂಡು ಲೆಕ್ಕ ನನಗೂ ಸರಿಯಾಗಿಯೇ ಕಂಡಿತು.

ಸುಮ್ಮನೆ ಕೂತಿದ್ದವರು ಎದುರು ಮನೆಯ ಅಜ್ಜ ಒಬ್ಬರೇ. ಅವರು ಹ್ಯೂಸ್ಟನ್‌ನಲ್ಲಿ ಟೆಕ್ಸನ್ಸ್‌ಗಿಂತ ಮುಂಚೆ ಇದ್ದ ಆಯ್ಲರ್ಸ್ ಕಾಲದವರು. 1993ರ ಜನವರಿ 3ರಂದು ಬಫಲೋದಲ್ಲಿ ಆಯ್ಲರ್ಸ್ 35–3ರಲ್ಲಿ ಮುಂದಿದ್ದು, ಹೆಚ್ಚುವರಿ ಸಮಯದಲ್ಲಿ 41–38ರಲ್ಲಿ ಸೋತದ್ದನ್ನು ಕಂಡವರು. 1996ರ ಸೀಸನ್ ಮುಗಿದ ಮೇಲೆ ಆ ತಂಡ ಟೆನೆಸ್ಸೀಗೆ ಎದ್ದುಹೋದದ್ದನ್ನೂ ಕಂಡವರು. ಅವರು ಕೇಳಿದ್ದು ಒಂದೇ ಪ್ರಶ್ನೆ. ಹುಡುಗನ ಮುಂದೆ ನಿಲ್ಲುವವರು ಯಾರು ಅಂತ. ಯಾರೂ ಉತ್ತರ ಕೊಡಲಿಲ್ಲ. ಡಿಗ್ಸ್ ಬಗ್ಗೆ ಮಾತಾಡುವಾಗ ಗೋಡೆಯ ಬಗ್ಗೆ ಯಾರಿಗೆ ಬೇಕು?

ಅಜ್ಜನ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಟೆಕ್ಸನ್ಸ್ ತಂಡ ಶುರುವಾದದ್ದು 2002ರಲ್ಲಿ. ಆ ವರ್ಷ ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಒಳ್ಳೆಯ ಕೈ, ಒಳ್ಳೆಯ ಹುಡುಗ. ಮೊದಲ ವರ್ಷದಲ್ಲೇ 76 ಸ್ಯಾಕ್. ಒಂದು ಸೀಸನ್‌ನಲ್ಲಿ ಅಷ್ಟು ಸಲ ಕೆಳಗೆ ಬಿದ್ದ ಕ್ವಾರ್ಟರ್‌ಬ್ಯಾಕ್ ಈ ಲೀಗ್‌ನಲ್ಲಿ ಇನ್ನೊಬ್ಬನಿಲ್ಲ. ಅಷ್ಟು ಪೆಟ್ಟು ತಿಂದವನ ಕಣ್ಣು ಆಮೇಲೆ ಮೈದಾನ ನೋಡುವುದಿಲ್ಲ, ನುಗ್ಗಿ ಬರುವವನನ್ನು ನೋಡುತ್ತದೆ ಅಂತ ಅಜ್ಜ ಹೇಳುತ್ತಾರೆ. ಆಮೇಲೆ ಬಂದವನು ಡಿಶಾನ್ ವಾಟ್ಸನ್. ಅವನ ಎರಡನೇ ವರ್ಷ, ಅಂದರೆ 2018ರಲ್ಲಿ, ತಂಡ 11 ಪಂದ್ಯ ಗೆದ್ದಿತು, ಜನ ಖುಷಿಯಾಗಿದ್ದರು. ಅವನು 62 ಸಲ ಬಿದ್ದಿದ್ದ. ಗೆಲ್ಲುತ್ತಿರುವಾಗ ಬಿದ್ದದ್ದನ್ನು ಎಣಿಸುವವರು ಕಡಿಮೆ.

ಇನ್ನು ಸ್ಟ್ರೌಡ್‌ನ ಎರಡನೇ ವರ್ಷ.

ಮೊದಲ ಪಂದ್ಯ ಇಂಡಿಯಾನಪೊಲಿಸ್ ಎದುರು 29–27ರ ಗೆಲುವು. ಡಿಗ್ಸ್‌ಗೆ ಎರಡು ಟಚ್‌ಡೌನ್. ನೋಡಿದ್ರಾ, ಹೇಳಿದ್ವಲ್ಲ ಅಂದೆವು. ಆಮೇಲೆ ಒಬ್ಬೊಬ್ಬರೇ ಉರುಳಿದರು. ಚೆಂಡು ಹಿಡಿಯುವ ಇನ್ನೊಬ್ಬ ಆಟಗಾರ ನೀಕೋ ಕಾಲಿನ್ಸ್‌ಗೆ ತೊಡೆಯ ಸ್ನಾಯು ಎಳೆದು ಐದು ಪಂದ್ಯ ಹೋಯಿತು. ಅಕ್ಟೋಬರ್ ಕೊನೆಗೆ ಡಿಗ್ಸ್‌ನ ಮಂಡಿ ಹೋಯಿತು, ವರ್ಷವೇ ಮುಗಿಯಿತು. ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಟ್ಯಾಂಕ್ ಡೆಲ್ ಟಚ್‌ಡೌನ್ ಹಿಡಿದ ಅದೇ ಕ್ಷಣದಲ್ಲಿ ಮಂಡಿ ಮುರಿದುಕೊಂಡ. ಸ್ಟ್ರೌಡ್ ಮೈದಾನದಲ್ಲೇ ಅತ್ತ. ನಮ್ಮನೆಯಲ್ಲಿ ಟಿವಿಯ ದನಿ ಕಡಿಮೆ ಮಾಡಿದೆವು.

ಆದರೆ ಪೆಟ್ಟಾದದ್ದು ಮಾತ್ರ ಕಾರಣ ಅಂದರೆ ಅಪ್ಪನ ಹುಳದ ಮಾತು ಮರೆತ ಹಾಗಾಗುತ್ತದೆ. ಮೊದಲ ವರ್ಷ ಎದುರಾಳಿ ಕೋಚ್‌ಗಳಿಗೆ ಇವನು ಯಾರು, ಹೇಗೆ ಆಡುತ್ತಾನೆ ಅಂತ ಗೊತ್ತಿರಲಿಲ್ಲ. ಬೇಸಿಗೆ ಪೂರ್ತಿ ಅವರು ಇವನ ಒಂದೊಂದು ಎಸೆತವನ್ನೂ ಹಿಂದೆ ಮುಂದೆ ಓಡಿಸಿ ನೋಡಿದರು. ಹಾಗೆ ನೋಡಿದವರಿಗೆ ಕಂಡದ್ದು ಹುಡುಗನ ತಪ್ಪಲ್ಲ, ಗೋಡೆಯ ಸಂದು. ಎದುರಿನ ಇಬ್ಬರು ನುಗ್ಗುವಾಗ ಒಬ್ಬರ ಜಾಗಕ್ಕೆ ಒಬ್ಬರು ದಾಟಿ ಬರುತ್ತಾರೆ, ಅದಕ್ಕೆ ಸ್ಟಂಟ್ ಅನ್ನುತ್ತಾರೆ. ನಮ್ಮ ಗೋಡೆಯವರು ಆಗ ಒಬ್ಬನನ್ನೇ ಇಬ್ಬರು ಹಿಡಿಯುತ್ತಿದ್ದರು. ಇನ್ನೊಬ್ಬ ನೇರ ಒಳಗೆ. ಇದು ಗೊತ್ತಾದ ಮೇಲೆ ವಾರವಾರವೂ ಅದೇ ಆಟ. ನ್ಯೂಯಾರ್ಕ್ ಜೆಟ್ಸ್ ಎದುರು ಒಂದೇ ರಾತ್ರಿ 8 ಸ್ಯಾಕ್. ಡೆಟ್ರಾಯಿಟ್ ಎದುರು ಅರ್ಧ ಆಟಕ್ಕೆ 23–7ರ ಮುನ್ನಡೆ, ಪಂದ್ಯ ಮುಗಿಯುವಷ್ಟರಲ್ಲಿ ಅವರ ಕ್ವಾರ್ಟರ್‌ಬ್ಯಾಕ್ 5 ಸಲ ಚೆಂಡನ್ನು ನಮ್ಮ ಕೈಗೇ ಕೊಟ್ಟಿದ್ದ. ದ್ವಿತೀಯಾರ್ಧದಲ್ಲಿ ನಮ್ಮದು ಸೊನ್ನೆ. 26–23ಕ್ಕೆ ಸೋತೆವು. ಅಜ್ಜ ಅವತ್ತು 1993 ಅಂದರು, ಅಷ್ಟೇ.

ಕ್ರಿಸ್‌ಮಸ್ ದಿನ ಸ್ವಂತ ಮೈದಾನದಲ್ಲಿ ಬಾಲ್ಟಿಮೋರ್ ಎದುರು 31–2ರ ಸೋಲು. ಎರಡು! ನಡುವೆ ಹ್ಯೂಸ್ಟನ್ನಿನ ಮಗಳು ಬಿಯಾನ್ಸೆ ಬಂದು ಹಾಡಿ ಕುಣಿದಳು. ಟಿಕೆಟ್ ತಗೊಂಡವರ ದುಡ್ಡು ಅಷ್ಟಾದರೂ ವಸೂಲಾಯಿತು.

ಮೊದಲ ವರ್ಷ 38 ಸಲ ಬಿದ್ದಿದ್ದವನು ಎರಡನೇ ವರ್ಷ 52 ಸಲ ಬಿದ್ದ. ಟಚ್‌ಡೌನ್ 23ರಿಂದ 20ಕ್ಕೆ ಇಳಿಯಿತು. ಎದುರಾಳಿ ಕೈಗೆ ಕೊಟ್ಟದ್ದು 5ರಿಂದ 12ಕ್ಕೆ ಏರಿತು. ಹುಡುಗನ ಮೇಲೂ ತಪ್ಪಿತ್ತು, ಇಲ್ಲ ಅನ್ನುವುದಿಲ್ಲ. ಚೆಂಡನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತಿದ್ದ. ಕೆಲವು ಸಲ ಬಿಡುವಿದ್ದರೂ ಓಡಿಬಿಡುತ್ತಿದ್ದ, ಡೇವಿಡ್ ಕಾರ್‌ನ ಕಣ್ಣು ಇವನಿಗೂ ಬರುತ್ತಿದೆಯೇನೋ ಅಂತ ಭಯವಾಗುತ್ತಿತ್ತು. ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದೇ ಮಾತು. ಮೊದಲ ವರ್ಷ ಅದೃಷ್ಟ, ಈಗ ಬಣ್ಣ ಬಯಲಾಯಿತು. ಹಿಂದಿನ ವರ್ಷ ಇದೇ ಮೇಜಿನಲ್ಲಿ ಇವನ ಅಂಗಿ ಹಾಕಿಕೊಂಡು ಕೂತವರೇ ಹೀಗೆ ಅಂದದ್ದು.

ಒಂದು ದಿನ ನಾನು ಒಂದು ಚೀಟಿಯಲ್ಲಿ ಎರಡೂ ವರ್ಷದ ಲೆಕ್ಕ ಬರೆದೆ. 2023: ಗೆಲುವು 10, ಸೋಲು 7. ವಿಭಾಗದಲ್ಲಿ ಮೊದಲ ಸ್ಥಾನ. ಪ್ಲೇಆಫ್‌ನಲ್ಲಿ ಒಂದು ಗೆಲುವು, ಆಮೇಲೆ ಸೋಲು. 2024: ಗೆಲುವು 10, ಸೋಲು 7. ವಿಭಾಗದಲ್ಲಿ ಮೊದಲ ಸ್ಥಾನ. ಪ್ಲೇಆಫ್‌ನಲ್ಲಿ ಒಂದು ಗೆಲುವು, ಆಮೇಲೆ ಸೋಲು. ಅಚ್ಚು ಒತ್ತಿದ ಹಾಗೆ ಒಂದೇ. ಒಂದಕ್ಕೆ ಪಟಾಕಿ, ಇನ್ನೊಂದಕ್ಕೆ ಸೂತಕ. ಚೀಟಿ ನೋಡಿದ ಸಹೋದ್ಯೋಗಿ, ಅದು ಹಾಗಲ್ಲ, ಈ ವರ್ಷ ಜಾಸ್ತಿ ಬರಬೇಕಿತ್ತು ಅಲ್ವಾ ಅಂದ. ಎಷ್ಟು ಜಾಸ್ತಿ ಅಂತ ಕೇಳಿದೆ. ಜಾಸ್ತಿ ಅಂದರೆ ಜಾಸ್ತಿ ಅಂದ.

ಜಾಸ್ತಿ ಬಂದವರೂ ಇದ್ದಾರೆ, ಅದಕ್ಕೇ ನಮಗೆ ಆ ಆಸೆ. 1984ರಲ್ಲಿ ಮಯಾಮಿಯ ಡ್ಯಾನ್ ಮರೀನೊ ಎರಡನೇ ವರ್ಷದಲ್ಲೇ 48 ಟಚ್‌ಡೌನ್, 5,084 ಯಾರ್ಡ್ ಎಸೆದು ಸೂಪರ್ ಬೌಲ್‌ಗೆ ಹೋದ. ಸೋತ. ಮುಂದೆ ಹದಿನೈದು ವರ್ಷ ಆಡಿದರೂ ಮತ್ತೆ ಅಲ್ಲಿಗೆ ಹೋಗಲಿಲ್ಲ. 2019ರಲ್ಲಿ ಲಮಾರ್ ಜಾಕ್ಸನ್ ಎರಡನೇ ವರ್ಷದಲ್ಲಿ ಎಲ್ಲ ಮತಗಳನ್ನೂ ಪಡೆದು ಅತ್ಯುತ್ತಮ ಆಟಗಾರನಾದ. ಇವರ ಹೆಸರು ಎಲ್ಲರ ಬಾಯಲ್ಲಿದೆ. ವಾಷಿಂಗ್ಟನ್‌ನ ರಾಬರ್ಟ್ ಗ್ರಿಫಿನ್ ಹೆಸರು ಯಾರೂ ಎತ್ತುವುದಿಲ್ಲ. 2012ರಲ್ಲಿ ಅವನೂ ಹೊಸ ಹುಡುಗರಲ್ಲಿ ಅತ್ಯುತ್ತಮ. ಪ್ಲೇಆಫ್‌ನಲ್ಲಿ ಮಂಡಿ ಹೋಯಿತು. ಎರಡನೇ ವರ್ಷ ತಂಡ ಗೆದ್ದದ್ದು 3 ಪಂದ್ಯ.

2025ರ ಜನವರಿಯಲ್ಲಿ ಚಾರ್ಜರ್ಸ್ ಎದುರಿನ ಪ್ಲೇಆಫ್‌ನಲ್ಲಿ ಒಂದು ಆಟ ಇತ್ತು. ಅದನ್ನು ನಾನು ಮೂವತ್ತು ಸಲವಾದರೂ ನೋಡಿದ್ದೇನೆ. ಮೂರನೇ ಪ್ರಯತ್ನ, ಹದಿನಾರು ಯಾರ್ಡ್ ಬೇಕು. ಚೆಂಡು ಕೈಗೆ ಸರಿಯಾಗಿ ಬರದೆ ನೆಲಕ್ಕೆ ಬಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಹುಡುಗ ಅದನ್ನು ಬಾಚಿಕೊಂಡ, ಬಲಕ್ಕೆ ಓಡಿದ, ಓಡುತ್ತಲೇ 34 ಯಾರ್ಡ್ ದೂರಕ್ಕೆ ಎಸೆದ. ಹಿಡಿದರು. ಅಲ್ಲಿಂದ ಪಂದ್ಯವೇ ತಿರುಗಿತು, 32–12ರಲ್ಲಿ ಗೆದ್ದರು. ಪಟ್ಟಿಯಲ್ಲಿ ಅದು 34 ಯಾರ್ಡ್ ಅಂತ ಅಷ್ಟೇ ಬರೆದಿದೆ. ಮೊದಲ ವರ್ಷದ ಸ್ಟ್ರೌಡ್‌ಗೆ ಅಂಥದ್ದು ಬೇಕಾಗಿಯೇ ಇರಲಿಲ್ಲ. ಎರಡನೇ ವರ್ಷದವನು ಅದನ್ನು ಬಿದ್ದೂ ಬಿದ್ದೂ ಕಲಿತಿದ್ದ. ನನಗೆ ಕೇಳಿದರೆ, ಬೆಳೆ ಕಂಡದ್ದು ಅಲ್ಲಿ.

ಮುಂದಿನ ವಾರ, ಜನವರಿ 18ರ ಶನಿವಾರ, ಕ್ಯಾನ್ಸಸ್ ಸಿಟಿಯ ಚಳಿಯಲ್ಲಿ ಚೀಫ್ಸ್ ಎದುರು 23–14ರಲ್ಲಿ ಸೋತೆವು. ಮತ್ತೆ 8 ಸ್ಯಾಕ್. ಆ ತಿಂಗಳೊಳಗೆ ಆಟದ ಯೋಜನೆ ಮಾಡುತ್ತಿದ್ದ ಕೋಚನ್ನು ಕಳಿಸಿದರು. ಆಮೇಲೆ ಗೋಡೆಯನ್ನೂ ಕೆಡವಿ ಕಟ್ಟಲು ಹೊರಟರು.

ಆದರೆ ಅದಕ್ಕೂ ಮುಂಚೆ, ಸೋತ ಮೂರನೇ ದಿನ, ಜನವರಿ 21ರಂದು, ಹ್ಯೂಸ್ಟನ್‌ನಲ್ಲಿ ಹಿಮ ಬಿತ್ತು. ಇಲ್ಲಿ ಅದು ಅಪರೂಪ. ಶಾಲೆಗೆ ರಜೆ. ನನ್ನ ಮಗ ಅಂಗಳದಲ್ಲಿ ಹಿಮದ ಬೊಂಬೆ ಮಾಡಿ, ತನಗೆ ಆಗಲೇ ಗಿಡ್ಡವಾಗಿದ್ದ 7ನೇ ನಂಬರಿನ ಅಂಗಿಯನ್ನು ಅದಕ್ಕೆ ತೊಡಿಸಿದ. ಎದುರು ಮನೆಯ ಅಜ್ಜ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟೋಪಿ ಹಾಕಿಕೊಂಡು ರಸ್ತೆ ದಾಟಿ ಬಂದರು. ಏನೂ ಮಾತಾಡದೆ ಬಗ್ಗಿ, ಐದು ದೊಡ್ಡ ಹಿಮದ ಉಂಡೆ ಕಟ್ಟಿ, ಒಂದೊಂದಾಗಿ ಬೊಂಬೆಯ ಮುಂದೆ ಸಾಲಾಗಿ ಇಟ್ಟರು.

ನಮಸ್ಕಾರ.