ಡೆಕ್ ಶೀಟ್ ಇರುವುದು ಕಾಂಕ್ರೀಟ್ ಹೊರುವುದಕ್ಕೆ ಮಾತ್ರ ಅಲ್ಲ

ನಮಸ್ಕಾರ. ಪೀಣ್ಯದ ಸೈಟು, ಮೊದಲ ಮಹಡಿ. ಡೆಕ್ ಶೀಟ್, ಅಂದರೆ ಕಾಂಕ್ರೀಟ್ ಸುರಿಯುವ ಮೊದಲು ಬೀಮುಗಳ ಮೇಲೆ ಹಾಸುವ ಮಡಿಕೆಯ ಉಕ್ಕಿನ ತಗಡು. ಅದನ್ನು ಹಾಸುವುದು ಕಾಣ್ತಾ ಇದೆ, ಬಿಡೋಣ. ಕೆಳಗಿರುವ ಬೀಮ್ ನೋಡಿ.

ಐಎಸ್‌ಎಂಬಿ 300. ಐ ಆಕಾರದ ಉಕ್ಕಿನ ತೊಲೆ ಇದು. ಎತ್ತರ 300 ಮಿಲಿಮೀಟರ್, ಫ್ಲೇಂಜಿನ, ಅಂದರೆ ಮೇಲೆ ಕೆಳಗೆ ಇರುವ ಅಡ್ಡ ಪಟ್ಟಿಯ, ಅಗಲ 140 ಅಷ್ಟೇ. ಭಾರ ಬಿದ್ದಾಗ ಮೇಲಿನ ಫ್ಲೇಂಜ್ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಜಾರಲು ನೋಡುತ್ತದೆ. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ತಿರುಚಿಕೊಳ್ಳುತ್ತದೆ ಅಲ್ವಾ, ಹಾಗೆ. ಅಡ್ಡ ಹಾಸಿದ ಶೀಟನ್ನು ಬೀಮಿಗೆ ಬಿಗಿದರೆ ಆ ಜಾರಾಟ ನಿಲ್ಲುತ್ತದೆ. ಫ್ಲೇಂಜಿನಲ್ಲಿರುವ ಬಲದ ಶೇ 2.5ರಷ್ಟನ್ನಾದರೂ ಈ ತಡೆ ತಾಳಬೇಕು ಎನ್ನುತ್ತದೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007. ಬಿಗಿಯದ ಶೀಟ್ ಸುಮ್ನೆ ಹೊದಿಕೆ.

ಈಗ ನನ್ನ ತಲೆನೋವು, ಸ್ಟಡ್. ಬೀಮನ್ನೂ ಕಾಂಕ್ರೀಟನ್ನೂ ಬೆಸೆಯುವ ಗಿಡ್ಡ ಉಕ್ಕಿನ ಗೂಟ ಅದು. ಸ್ಟಡ್‌ಗಳನ್ನು ಶೀಟಿನ ಮೂಲಕವೇ ಬೀಮಿಗೆ ವೆಲ್ಡ್ ಮಾಡುತ್ತಾರೆ. ಅದಕ್ಕೆ ಮೇಲಿನ ಫ್ಲೇಂಜಿಗೆ ಬಣ್ಣ ಬಳಿಯಬಾರದು. ಡ್ರಾಯಿಂಗಿನಲ್ಲಿ ದೊಡ್ಡದಾಗಿ ಬರೆದಿತ್ತು. ಆದರೂ ಫ್ಯಾಬ್ರಿಕೇಷನ್‌ನವರು ಬೀಮ್ ಪೂರ್ತಿ ರೆಡ್ ಆಕ್ಸೈಡ್ ಬಣ್ಣ ಹೊಡೆದು ಕಳಿಸಿದ್ದಾರೆ! ಸ್ಟಡ್ ಸರಿಯಾಗಿ ಕೂತಿದ್ದರೆ ಸುತ್ತಿಗೆ ಏಟಿಗೆ ಬಾಗಬೇಕು. ಇವು ಬುಡ ಸಮೇತ ಕಿತ್ತು ಬಂದವು. ಈಗ ಶೀಟ್ ಎತ್ತಬೇಕು, ಗ್ರೈಂಡರ್ ಹಿಡಿದು ಬಣ್ಣ ತೆಗೆಯಬೇಕು, ಮತ್ತೆ ಹಾಸಬೇಕು. ಕೂಲಿ ಯಾರು ಕೊಡುತ್ತಾರೆ ಎಂದರೆ ಫೋನಿನಲ್ಲಿ ಮೌನ. "ಕಾಂಕ್ರೀಟ್ ಹಾಕಿ ಸಾರ್, ಎಲ್ಲ ಗಟ್ಟಿಯಾಗುತ್ತೆ" ಅಂತ ಸಲಹೆ ಬೇರೆ. ಗಟ್ಟಿಯಾಗುವುದು ಆಮೇಲೆ ರೀ! ಹಸಿ ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 2,500 ಕೆಜಿ. ಅದು ಬೀಮಿನ ಮೇಲೆ ಕೂರುತ್ತದೆ, ಬೀಮನ್ನು ಹಿಡಿಯುವುದಿಲ್ಲ. ಆ ಹೊತ್ತಿಗೆ ಕಾಯುವುದು ಬಿಗಿದ ಶೀಟ್ ಒಂದೇ. ಅಲ್ಲಿ ಕೈ ಬಿಟ್ಟರೆ ಕೆಳಗೆ ನಿಂತವರ ಗತಿ ಏನು?

ಬಿಸಿಲಿಗೆ ಈ ಶೀಟ್ ಕಣ್ಣು ಕುಕ್ಕುತ್ತದೆ. ಮೇಲೆ ಕೆಲಸ ಮಾಡುವವರಿಗೆ ಕಪ್ಪು ಕನ್ನಡಕ ಕೊಡಲೇಬೇಕು, ಮಧ್ಯಾಹ್ನ ಮಜ್ಜಿಗೆಯನ್ನೂ. ಇವತ್ತಿನ ಮಜ್ಜಿಗೆಗೆ ಶುಂಠಿ ಸ್ವಲ್ಪ ಜಾಸ್ತಿ, ಆದರೂ ಚೆನ್ನಾಗಿತ್ತು. ಸರಿ, ಶೀಟ್ ಬಿಗಿಯುವ ಸ್ಕ್ರೂ ಬಂತು.

ತಾನೇ ತೂತು ಕೊರೆದುಕೊಳ್ಳುವ ಈ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ನನಗೆ ಇಷ್ಟವಿಲ್ಲ, ತುಂಬಾ ನಿಧಾನ. ಗನ್ನಿನಲ್ಲಿ ಹೊಡೆಯುವ ಪಿನ್ ಎಷ್ಟೋ ವಾಸಿ. ಆದರೆ ನೋಡಿ, ಸ್ಕ್ರೂ ಹಿಡಿಯಿತೋ ಇಲ್ಲವೋ ಅಂತ ಕೈಗೇ ತಿಳಿಯುತ್ತದೆ. ಇರಲಿ, ಇಲ್ಲಿಗೆ ಸ್ಕ್ರೂನೇ ಸರಿ.

ಈ ದೊಡ್ಡ ಬೀಮಿನ ಕಥೆ ಬೇರೆ. ಶೀಟಿನ ಮಡಿಕೆಗಳು ಇದರ ಉದ್ದಕ್ಕೇ ಓಡುತ್ತವೆ, ಹಾಗಾಗಿ ಶೀಟನ್ನು ನಂಬುವಂತಿಲ್ಲ. ಪಕ್ಕದಿಂದ ಬಂದು ಸೇರುವ ಚಿಕ್ಕ ಬೀಮುಗಳೇ ಇದನ್ನು ಹಿಡಿಯುತ್ತವೆ. ಆಚೆ ಚಾಚಿರುವ ಬಾಲ್ಕನಿಯಲ್ಲಿ ಒತ್ತಡ ಬೀಳುವುದು ಕೆಳಗಿನ ಫ್ಲೇಂಜಿಗೆ. ಮೇಲಿನ ಶೀಟ್ ಅದನ್ನು ಮುಟ್ಟುವುದೂ ಇಲ್ಲ. ಅದಕ್ಕೇ ಕೆಳಗಡೆ ಎಲ್ ಆಕಾರದ ಉಕ್ಕಿನ ಪಟ್ಟಿ, ಅಂದರೆ ಆ್ಯಂಗಲ್ ಕೊಟ್ಟಿದ್ದೇವೆ. ಬನ್ನಿ, ಬೆಳಕು ಹೋಗುವ ಮೊದಲು ತೋರಿಸುತ್ತೇನೆ.