ಬಾವಲಿಯ ವೈರಸ್ ಗೊತ್ತು, ನನ್ನ ಜ್ವರ ಯಾವ್ದು?

ನಮಸ್ಕಾರ. ಮೊನ್ನೆ ಮಂಡ್ಯದಿಂದ ನಮ್ಮ ಚಿಕ್ಕಪ್ಪ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಬಾವಲಿಯಲ್ಲಿ 20 ಹೊಸ ವೈರಸ್ ಪತ್ತೆ ಅಂತ ಕೆಂಪು ಅಕ್ಷರ, ಪಕ್ಕದಲ್ಲಿ ಹಲ್ಲು ಕಿರಿದ ಬಾವಲಿ. ಹಿಂದೆಯೇ ಫೋನ್ ಬಂತು. "ಲೋ ಮಗ, ಊರ ಮುಂದಿನ ಅರಳಿಮರದಲ್ಲಿ ನೂರಾರು ನೇತಾಡ್ತಾ ಅವೆ. ಪಟಾಕಿ ಹೊಡ್ದು ಓಡಿಸ್ಬುಡದಾ?"

ತಡೀರಿ ಚಿಕ್ಕಪ್ಪ ಅಂದೆ. ಫೋನ್ ಇಟ್ಟ ಮೇಲೂ ಅದು ತಲೆಯಲ್ಲೇ ಕೊರೀತಿತ್ತು, ಅದಕ್ಕೇ ಈ ವಿಡಿಯೋ.

ಸುದ್ದಿ ಸುಳ್ಳೇನಲ್ಲ. 2025ರ ಜೂನ್‌ನಲ್ಲಿ ಬಂದ ಅಧ್ಯಯನ ಅದು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಹಿಡಿದ 142 ಬಾವಲಿಗಳ ಕಿಡ್ನಿ ಪರೀಕ್ಷೆ ಮಾಡಿದರು. 22 ವೈರಸ್ ಸಿಕ್ಕವು, ಅದರಲ್ಲಿ 20 ಹೊಸವು. ಎರಡಂತೂ ಮನುಷ್ಯರ ಜೀವ ತೆಗೆಯಬಲ್ಲ ನಿಫಾ ಮತ್ತು ಹೆಂಡ್ರಾ ವೈರಸ್‌ಗಳ ಹತ್ತಿರದ ನೆಂಟರು, ಸಿಕ್ಕಿದ್ದು ಹಳ್ಳಿ ಪಕ್ಕದ ಹಣ್ಣಿನ ತೋಟದ ಬಾವಲಿಗಳಲ್ಲಿ. ಕಿಡ್ನಿಯನ್ನೇ ಯಾಕೆ ನೋಡಿದರು ಅಂದ್ರೆ, ಬಾವಲಿಯ ಉಚ್ಚೆ ಹಣ್ಣಿನ ಮೇಲೆ ಬೀಳುತ್ತೆ, ಆ ಹಣ್ಣು ಯಾರದೋ ಬಾಯಿಗೆ ಹೋಗುತ್ತೆ.

ಆದರೆ ಈ "ಪತ್ತೆ" ಅನ್ನೋದು ಏನು? ಕಿಡ್ನಿ ಚೂರನ್ನು ಅರೆದು ಅದರಲ್ಲಿರೋ, ಡಿಎನ್‌ಎ ಥರದ್ದೇ ಜೀವದ ಬರಹವಾದ ಆರ್‌ಎನ್‌ಎ ತೆಗೀತಾರೆ, ಅದನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡಿ ಆ ಬರಹದ ಅಕ್ಷರ ಓದೋ ಸೀಕ್ವೆನ್ಸಿಂಗ್ ಮಷೀನಿಗೆ ಕೊಡ್ತಾರೆ, ಅದು ರಾಶಿ ರಾಶಿ ಚೂರುಗಳನ್ನು ಓದಿ ಹಾಕುತ್ತೆ. ಜಾಸ್ತಿ ಪಾಲು ಬಾವಲಿಯದ್ದೇ. ಅದನ್ನೆಲ್ಲ ಜರಡಿ ಹಿಡಿದು, ಉಳಿದ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಗೊತ್ತಿರೋ ವೈರಸ್‌ಗಳ ಜೊತೆ ತಾಳೆ ನೋಡ್ತಾರೆ. ಚಾಮುಂಡಿ ಬೆಟ್ಟದಲ್ಲಿ ಚುರುಮುರಿ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದ್ತೀವಲ್ಲ, ಹಾಗೆ. ಕಳ್ಳತನದ ಸುದ್ದಿ ಅಂತ ಗೊತ್ತಾಗುತ್ತೆ. ಕಳ್ಳ ಸಿಕ್ಕಿದನಾ? ಆ ಚೂರು ನಿಮ್ಮ ಕೈಯಲ್ಲಿಲ್ಲ. ಈ ವೈರಸ್ ಮನುಷ್ಯರ ಜೀವಕೋಶದೊಳಗೆ ಹೋಗುತ್ತಾ, ಒಬ್ಬರಿಂದ ಒಬ್ಬರಿಗೆ ಹರಡುತ್ತಾ ಅನ್ನೋದಕ್ಕೆ ಬೇರೆಯದೇ ಕೆಲಸ ಆಗಬೇಕು.

  

ಈಗ ನನ್ನ ಕಥೆ ಕೇಳಿ. ಹೋದ ವರ್ಷ ಮಳೆಗಾಲದಲ್ಲಿ ಆರು ದಿನ ಜ್ವರ. ಮೈಸೂರಿನದೇ ಒಂದು ಆಸ್ಪತ್ರೆ. ಡೆಂಗಿ ನೆಗೆಟಿವ್, ಟೈಫಾಯ್ಡ್ ನೆಗೆಟಿವ್. ಚೀಟಿಯಲ್ಲಿ "ವೈರಲ್ ಫೀವರ್" ಅಂತ ಗೀಚಿ ಮಾತ್ರೆ ಕೊಟ್ಟರು. ಯಾವ ವೈರಸ್ ಸಾರ್ ಅಂದೆ. ಡಾಕ್ಟ್ರು ನಕ್ಕು, "ಹೋಗುತ್ತೆ ಬಿಡಿ" ಅಂದರು. ಹೋಯ್ತು, ಸರಿ. ಆದರೆ ಯುನ್ನಾನಿನ ಬಾವಲಿಯ ಕಿಡ್ನಿಯಲ್ಲಿ ಏನಿದೆ ಅಂತ ನಾನು ಮೈಸೂರಲ್ಲಿ ಕೂತು ಹೇಳಬಲ್ಲೆ, ನನ್ನ ರಕ್ತದಲ್ಲಿ ಏನಿತ್ತು ಅಂತ ಹೇಳೋಕಾಗಲ್ಲ. ವಿಚಿತ್ರ ಅಲ್ವಾ?

2018ರಲ್ಲಿ ಕೋಳಿಕ್ಕೋಡ್‌ನಲ್ಲಿ ನಿಫಾ ಬಂದಾಗ ಮೊದಲ ರೋಗಿ ಕಾಯಿಲೆ ಏನು ಅಂತ ಗೊತ್ತಾಗದೆಯೇ ತೀರಿಕೊಂಡ. ಅದೇ ಮನೆಯ ಇನ್ನೊಬ್ಬರು ಬಂದಾಗ ಡಾಕ್ಟರುಗಳಿಗೆ ಅನುಮಾನ ಬಂತು. ಸ್ಯಾಂಪಲ್ ನಮ್ಮ ಮಣಿಪಾಲದ ಲ್ಯಾಬಿಗೆ ಬಂತು, ನಿಫಾ ಅಂತ ತಿಳೀತು, ಪುಣೆಯ ವೈರಸ್ ಸಂಸ್ಥೆಯವರು ಖಚಿತ ಮಾಡಿದರು. ಮಲೇಷ್ಯಾದಲ್ಲಿ 1999ರಲ್ಲೇ ಈ ವೈರಸ್ ಸಿಕ್ಕಿ, ಅದರ ಸೀಕ್ವೆನ್ಸ್, ಅಂದ್ರೆ ಆ ಅಕ್ಷರಗಳ ಸಾಲು, ಗೊತ್ತಿರೋ ವೈರಸ್‌ಗಳ ಪಟ್ಟಿಯಲ್ಲಿ ಇದ್ದದ್ದರಿಂದಲೇ ಅದೇ ಸಾಲನ್ನು ಹುಡುಕೋ ಪಿಸಿಆರ್ ಟೆಸ್ಟ್ ಮಾಡೋಕಾಯ್ತು. ಹಾಗಾಗಿ ಪಟ್ಟಿ ದಂಡ ಅಂತ ನಾನು ಹೇಳಲ್ಲ. ಆದರೆ ಆ ವಾರ್ಡಿನಲ್ಲಿ ಅನುಮಾನ ಪಡೋರು ಇರದಿದ್ದರೆ ಪಟ್ಟಿ ಕಂಪ್ಯೂಟರಿನಲ್ಲಿ ತಣ್ಣಗೆ ಮಲಗಿರುತ್ತಿತ್ತು.

ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದದ್ದು ಕಣ್ಣಿಗೆ ಬಿತ್ತು, ಅಲ್ಲಿಂದ ಶುರು. ಆಗ ಸೀಕ್ವೆನ್ಸಿಂಗ್ ಎಲ್ಲಿತ್ತು? 2012ರಲ್ಲಿ ಬಂಡೀಪುರಕ್ಕೂ ಬಂತು, ಮೈಸೂರಿಂದ ಎರಡು ಗಂಟೆ ದಾರಿ. ಅಲ್ಲೂ ಸತ್ತ ಮಂಗಗಳೇ ಸುಳಿವು.

ಹಾಗಾಗಿ ನಾನು ಕೇಳೋದು ಇಷ್ಟೇ. ಕಾಡಿನ ಪ್ರಾಣಿಗಳನ್ನು ಸೀಕ್ವೆನ್ಸ್ ಮಾಡಿ, ಖಂಡಿತ ಮಾಡಿ. ಅದರ ಜೊತೆಗೆ ಎಚ್.ಡಿ. ಕೋಟೆ ಥರದ ಕಾಡಂಚಿನ, ವಯನಾಡಿಗೆ ಅಂಟಿಕೊಂಡಿರೋ ತಾಲ್ಲೂಕಿನ ಆಸ್ಪತ್ರೆಯಲ್ಲಿ ಎಲ್ಲಾ ಟೆಸ್ಟೂ ನೆಗೆಟಿವ್ ಬಂದ ಜ್ವರದವರ ರಕ್ತವನ್ನೂ ಒಂದಷ್ಟು ಅದೇ ಮಷೀನಿಗೆ ಹಾಕಿ. ಸತ್ತ ಮಂಗ ಕಂಡ ಫಾರೆಸ್ಟ್ ವಾಚರ್ ಫೋನ್ ಮಾಡಿದರೆ ಎತ್ತಿ.

ಚಿಕ್ಕಪ್ಪನಿಗೆ ವಾಪಸ್ ಫೋನ್ ಮಾಡಿದೆ. ಪಟಾಕಿ ಬೇಡ, ಓಡಿಸಿದರೆ ಪಕ್ಕದ ಊರಿನ ಮರಕ್ಕೆ ಹೋಗ್ತವೆ ಅಷ್ಟೇ. ಆಸ್ಟ್ರೇಲಿಯಾದಲ್ಲಿ ನೋಡಿದ್ದಾರೆ, ಬಾವಲಿಗಳಿಗೆ ಕಾಡಲ್ಲಿ ಮೇವು ಸಿಗದೆ ಹೊಟ್ಟೆಗೆ ಕಷ್ಟವಾದಾಗ ಅವು ವೈರಸ್ ಹೊರಹಾಕೋದು ಜಾಸ್ತಿ. ಸುಮ್ನೆ ಬಿಡಿ, ಕಚ್ಚಿದ ಹಣ್ಣು ಮಾತ್ರ ತಿನ್ನಬೇಡಿ ಅಂದೆ.

ಹಿಂದಿನಿಂದ ಚಿಕ್ಕಮ್ಮನ ದನಿ. "ಈ ಸೀಬೆಹಣ್ಣು ಗಿಣಿ ಕಚ್ಚಿರದು ಕಣ್ಲಾ, ಸಿಹಿಯಾಗದೆ."

"ಗಿಣಿನೇ ಅಂತ ಹೆಂಗೆ ಹೇಳ್ತೀರಾ ಚಿಕ್ಕಮ್ಮ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಂಗಾರೆ ದನಕ್ಕೆ ಹಾಕ್ಬುಡ್ಲಾ?"

ಮಲೇಷ್ಯಾದಲ್ಲಿ ನಿಫಾ ಮನುಷ್ಯರಿಗೆ ಬಂದದ್ದು ಸಾಕಿದ ಹಂದಿಗಳಿಂದ. "ಬೇಡ ಚಿಕ್ಕಮ್ಮ," ಅಂದೆ, "ಗುಂಡಿ ತೋಡಿ ಮುಚ್ಚಿಬಿಡಿ."